ಹಾಡಿದವಳು ಕ್ಯಾಮೆರಾದ ಕೆಳಗೆ ಕೂತಿದ್ದಳು

ಹಾಡಿನ ವಿಡಿಯೋ ಅಂದರೆ ಬರೀ ಕುಣಿತ, ಅದರಲ್ಲೇನು ಹುರುಳು ಅನ್ನುವವರ ಜೊತೆ ನಾನು ಹಲವು ವರ್ಷ ಜಗಳ ಆಡಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಆಡಿದ್ದೇನೆ, ಧಾರವಾಡದ ಬಸ್ಸಿನಲ್ಲಿ ನಿಂತುಕೊಂಡು ಆಡಿದ್ದೇನೆ, ಚಹದಂಗಡಿಯ ಬಾಕಿನ ಮೇಲೆ ಕೂತು ಚಹ ಆರುವ ತನಕ ಆಡಿದ್ದೇನೆ. ನನ್ನ ಬಾಯಿ ದೊಡ್ಡದು ಎಂಬುದು ಮನೆಯವರೆಲ್ಲ ಒಪ್ಪಿದ ಮಾತು. ನಾಲ್ಕು ನಿಮಿಷದ ಒಂದು ಹಾಡು ದೊಡ್ಡ ದೊಡ್ಡ ಭಾಷಣಕಾರರಿಗೆ ಹೇಳಲಾಗದ್ದನ್ನು ಹೇಳುತ್ತದೆ ಎಂದು ವಾದಿಸುತ್ತಿದ್ದೆ. ಈಗಲೂ ಅದು ಸುಳ್ಳು ಅನ್ನುವುದಿಲ್ಲ. ಆದರೆ ನೀನೇ ತೆಗೆದ ಹಾಡು ಏನು ಹೇಳಿತು ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಆ ಹಾಡಿನ ಸಂಗತಿಯನ್ನೇ ಇಲ್ಲಿ ಬರೆಯಲು ಕೂತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆಗಲಿ.

ಹುಬ್ಬಳ್ಳಿ ಮಗ್ಗುಲಿನ ಗೋಪನಕೊಪ್ಪದ ನಮ್ಮ ಓಣಿಗೆ ಕೇಬಲ್ ಬಂದದ್ದು ತೊಂಬತ್ತರ ದಶಕದ ನಡುವೆ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಮನೆಯ ಮಾಲೀಕರ ಪಡಸಾಲೆಯಲ್ಲಿ ಇತ್ತು, ಸಂಜೆಗೆ ಓಣಿಯ ಅರ್ಧ ಮಂದಿ ಅಲ್ಲೇ. ಆಗ ಹಿಂದಿ ಆಲ್ಬಮ್ ಹಾಡುಗಳ ಕಾಲ. ಸಿನಿಮಾ ಇಲ್ಲ, ಹಾಡು ಮಾತ್ರ, ಆದರೆ ಆ ಹಾಡಿಗೆ ತನ್ನದೇ ಒಂದು ಕಥೆ. ಒಂದು ಹಾಡು ಈಗಲೂ ಕಣ್ಣ ಮುಂದಿದೆ. ಹಾಡುವವನು ಮಳೆ ಬಂತು, ಮಣ್ಣು ಘಮ್ಮೆಂದಿತು ಎಂದು ಹಾಡುತ್ತಿದ್ದ. ಚಿತ್ರದಲ್ಲಿ ಮಾತ್ರ ಬಿಳಿ ಸೀರೆಯ ಹೆಂಗಸೊಬ್ಬಳು ಮಳೆಗೆ ಅಂಜಿ ಬಳೆಗಾರನ ಅಂಗಡಿಯ ಮಾಡಿನ ಕೆಳಗೆ ನಿಲ್ಲುತ್ತಾಳೆ. ಅಂಗಡಿಯವನು ಒಳಗೆ ಹೋದಾಗ ನಾಲ್ಕು ಹಸಿರು ಬಳೆ ಕೈಗೆ ಇಟ್ಟುಕೊಳ್ಳುತ್ತಾಳೆ, ನೋಡುತ್ತಾಳೆ, ಅವನು ಬರುವುದರೊಳಗೆ ತೆಗೆದಿಟ್ಟು ಮಳೆಯಲ್ಲೇ ಹೊರಟು ಹೋಗುತ್ತಾಳೆ. ಹಾಡಿನಲ್ಲಿ ಬಳೆಯ ಮಾತೇ ಇರಲಿಲ್ಲ.

ನಮ್ಮ ಸೋದರತ್ತೆ ಆಗ ನಮ್ಮ ಮನೆಯಲ್ಲೇ ಇದ್ದಳು. ಮೂವತ್ತು ತುಂಬುವ ಮೊದಲೇ ಗಂಡ ತೀರಿದ್ದ. ಹಿಂದಿಯ ಒಂದಕ್ಷರ ಅವಳಿಗೆ ಬರುತ್ತಿರಲಿಲ್ಲ. ಆ ಹಾಡು ಮುಗಿಯುವ ಮೊದಲೇ ಎದ್ದು ಹೊರಗೆ ಹೋಗಿ ನಳದ ಹತ್ತಿರ ನಿಂತಳು. ಮರುದಿನ ರೊಟ್ಟಿ ಬಡಿಯುತ್ತ ನನ್ನನ್ನು ಕೇಳಿದಳು, "ಆ ಬಳಿ ಹಾಡು ಮತ್ತ ಯಾವಾಗ ಹಾಕ್ತಾರೋ?"

ಮಳೆಯ ಹಾಡು ಅವಳಿಗೆ ಬಳೆಯ ಹಾಡಾಗಿತ್ತು. ಹಾಡು ಹೇಳುವುದೇ ಒಂದು, ಚಿತ್ರ ಹೇಳುವುದೇ ಇನ್ನೊಂದು, ನೋಡುವವರ ಎದೆಗೆ ನಾಟುವುದು ಆ ಎರಡನೆಯದು ಎಂದು ನಾನು ಕಲಿತದ್ದು ಅವತ್ತು. ಇಂಥ ಒಂದು ಹಾಡು ನಾನೂ ತೆಗೆಯಬೇಕು ಎಂಬ ಹುಚ್ಚು ಹಿಡಿದದ್ದೂ ಅವತ್ತೇ.

ಹುಚ್ಚು ಹಿಡಿದವನು ತೆಗೆದದ್ದು ಮಾತ್ರ ಮದುವೆಗಳನ್ನು. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಕೆಲಸ ಕಲಿತು, ಆಮೇಲೆ ದುರ್ಗದ ಬೈಲಿನ ಹಿಂದಿನ ಒಂದು ಸಂದಿಯಲ್ಲಿ ಸ್ವಂತ ಸ್ಟುಡಿಯೋ ಇಟ್ಟೆ. ಮದುವೆ, ಬಸುರಿಯರ ಕುಬಸ, ತೊಟ್ಟಿಲು, ಮನೆ ವಾಸ್ತು. ಅಕ್ಷತೆ ಬೀಳುವಾಗ ಮದುಮಗಳ ಮುಖ, ಊಟದ ಹೊತ್ತಿಗೆ ಬೀಗರ ಮುಖ. ಇದರ ಆಚೆ ನನಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಜಾನಪದ ಹಾಡಿನ ಸಿಡಿಗಳ ಭರಾಟೆ ಶುರುವಾಯಿತು. ಒಂದು ಸಿಡಿಯಲ್ಲಿ ಆರು ಹಾಡು, ಮೇಲೆ ಬಣ್ಣದ ಹೊದಿಕೆ. ಸಂತೆಯಲ್ಲಿ ಮಾರುತ್ತಿದ್ದರು, ಲೋಕಲ್ ಕೇಬಲಿನಲ್ಲಿ ಹಗಲೆಲ್ಲ ಹಾಕುತ್ತಿದ್ದರು. ಕ್ಯಾಸೆಟ್ ಮಾರುತ್ತಿದ್ದ ಒಬ್ಬ ಸಾಹುಕಾರರು ಅದಕ್ಕೆ ಕೈಹಾಕಿ, ಚಿತ್ರ ತೆಗೆಯುವ ಕೆಲಸವನ್ನು ನನಗೆ ಕೊಟ್ಟರು. ಐದು ಹಾಡು ಅವರೇ ಆರಿಸಿದ್ದರು, ಎಲ್ಲ ಕುಣಿತದವು. ಆರನೆಯದನ್ನು ನಾನು ತರುತ್ತೇನೆ ಎಂದು ಹಟ ಹಿಡಿದೆ. "ತಾರಪಾ, ನೀತಿ ಗೀತಿ ಇದ್ದದ್ದ ಒಂದು ಇರ್ಲಿ, ಹೆಣ್ಮಕ್ಕಳು ನೋಡ್ತಾರ," ಎಂದರು.

ಅದೇ ತಿಂಗಳು ಧಾರವಾಡದಾಚೆಯ ಮುಗದದಲ್ಲಿ ಒಂದು ಮದುವೆ ತೆಗೆದು ಬಂದಿದ್ದೆ. ಸ್ಟುಡಿಯೋದಲ್ಲಿ ಕೂತು ಅರಿಷಿಣದ ಭಾಗವನ್ನು ಜೋಡಿಸುತ್ತಿದ್ದೆ. ಚಿತ್ರದಲ್ಲಿ ಮದುಮಗಳ ಗಲ್ಲಕ್ಕೆ ಅರಿಷಿಣ ಹಚ್ಚುತ್ತಿದ್ದಾರೆ, ಹಿಂದಿನಿಂದ ಹೆಂಗಸರ ಸೋಬಾನೆ. ಆ ಹತ್ತು ದನಿಗಳ ನಡುವೆ ಒಂದು ದನಿ ಬೇರೆ. ಮೇಲೇರಲು ಕಷ್ಟಪಡದ, ಇಳಿಯುವಾಗ ತುಸು ಒರಟಾಗುವ ದನಿ. ಟೇಪನ್ನು ಮೂರು ಸಲ ಹಿಂದೆ ತಿರುಗಿಸಿ ಕೇಳಿದೆ. ಯಾರದೆಂದು ಚಿತ್ರದಲ್ಲಿ ಹುಡುಕಿದೆ, ಕಾಣಲಿಲ್ಲ. ನನ್ನ ಕ್ಯಾಮೆರಾ ಮದುಮಗಳನ್ನು ಬಿಟ್ಟು ಆ ಕಡೆ ತಿರುಗಿರಲೇ ಇಲ್ಲ.

ಮುಗದಕ್ಕೆ ಹೋಗಿ ವಿಚಾರಿಸಿದಾಗ ಸಿಕ್ಕಳು. ಒಕ್ಕಲುತನದ ಮನೆಯ ಹುಡುಗಿ, ಇಪ್ಪತ್ತಾರು ವರ್ಷ. ತಂದೆ ಇರಲಿಲ್ಲ, ತಾಯಿ ಇದ್ದಳು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಊರವರ ಕುಬಸ ಹೊಲಿಯುತ್ತಿದ್ದಳು. ಬಣ್ಣ ಕಪ್ಪು, ನಮ್ಮಲ್ಲಿ ಎಣ್ಣೆಗಪ್ಪು ಅನ್ನುತ್ತಾರಲ್ಲ, ಅದು. ಇಂಥ ದನಿ ಎಲ್ಲಿ ಕಲಿತೆ ತಂಗಿ ಎಂದು ಕೇಳಿದ್ದಕ್ಕೆ ನಕ್ಕಳು.

"ನೋಡಾಕ ಬಂದಾವ್ರು ಒಂದು ಹಾಡು ಹೇಳವಾ ಅಂತಾರಲ್ರೀ ಅಣ್ಣಾರ. ಹನ್ನೊಂದು ಸರ್ತಿ ಹಾಡೇನಿ. ಅದಕ್ಕ ದನಿ ಹದಾ ಆಗೇತಿ."

ಕನ್ಯೆ ನೋಡುವ ಶಾಸ್ತ್ರ ಗೊತ್ತಿರದವರು ನಮ್ಮ ಕಡೆ ಇಲ್ಲ. ಗಂಡಿನವರು ಬರುತ್ತಾರೆ. ಉಪ್ಪಿಟ್ಟು, ಶಿರಾ, ಚಹ ಆಗುತ್ತದೆ. ಹುಡುಗಿಯನ್ನು ನಡೆಸಿ ನೋಡುತ್ತಾರೆ, ಹಾಡಿಸಿ ಕೇಳುತ್ತಾರೆ, ಎದ್ದು ನಿಂತು ಚಪ್ಪಲಿ ಹುಡುಕುತ್ತ "ತಿಳಸ್ತೇವ್ರಿ" ಎಂದು ಹೋಗುತ್ತಾರೆ. ತಿಳಿಸುವವರು ಅಲ್ಲೇ ತಿಳಿಸುತ್ತಾರೆ. ತಿಳಿಸುತ್ತೇವೆ ಎಂದವರು ತಿಳಿಸುವುದಿಲ್ಲ. ಹನ್ನೊಂದು ಸಲ ಅವಳಿಗೆ ಹೀಗಾಗಿತ್ತು. ಅದನ್ನೇ ಅವಳು ಹಾಡು ಕಟ್ಟಿದ್ದಳು, ಮಿಷನ್ ತುಳಿಯುತ್ತ ತುಳಿಯುತ್ತ. ತಾಯಿ ಒಳಗಿದ್ದಾಗ ಮೆಲ್ಲಗೆ ಹಾಡಿ ತೋರಿಸಿದಳು.

ಹನ್ನೊಂದು ಮಂದಿ ಬಂದರು, ಉಪ್ಪಿಟ್ಟು ಉಂಡರು,
ತಾಟ ನೋಡಿ ಬೆಳ್ಳಗೈತಿ ಅಂದರು.
ತಾಟ ಬೆಳಗಿದ ಕೈಯ ಯಾರೂ ನೋಡಲಿಲ್ಲ,
ತಿಳಸತೇವಂತ ಹೇಳಿ ಹೋದರು.

ಇಡೀ ವಿಡಿಯೋ ಅಲ್ಲೇ ಕೂತಲ್ಲೇ ಕಣ್ಣಿಗೆ ಬಂತು. ಹುಡುಗಿ ತಾಟು ಬೆಳಗುವಲ್ಲಿಂದ ಶುರು. ಬಂದವರ ಮುಖ ತೋರಿಸುವುದೇ ಇಲ್ಲ, ಬರೀ ಚಪ್ಪಲಿ. ಪ್ರತಿ ಸಲ ಬಾಗಿಲ ಮುಂದೆ ಚಪ್ಪಲಿ ಬೇರೆ, ತಾಟು ಅದೇ. ಮಾತಿನಲ್ಲಿ ಕಪ್ಪು ಎಂಬ ಶಬ್ದವೇ ಬರಬಾರದು, ಅವಳ ಮುಖವೇ ಅದನ್ನು ಹೇಳಬೇಕು. ಅಷ್ಟು ಚೆನ್ನಾಗಿ ನನಗೆ ಗೊತ್ತಿತ್ತು, ಇದನ್ನು ಮರೆಯಬೇಡಿ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ವರ್ಷದ ಮೇಲೆ ಬರೆಯುವ ಅಗತ್ಯವಿರಲಿಲ್ಲ.

ಅವಳು ಕೇಳಿದ್ದು ಒಂದೇ. "ಚಿತ್ರದಾಗ ನಾನ ಇರ್ತೇನಲ್ರೀ?"

"ನೀ ಅಲ್ದ ಮತ್ತ್ಯಾರು ಇರ್ತಾರ?" ಎಂದೆ.

ಅವಳಿಗೆ ಅದು ಯಾಕೆ ಬೇಕಿತ್ತು ಎನ್ನುವುದೂ ಮುಚ್ಚುಮರೆಯ ಸಂಗತಿಯಲ್ಲ. ತನ್ನ ಮುಖ ನೋಡಿ ಎದ್ದು ಹೋದ ಮಂದಿ ಆ ಮುಖವನ್ನೂ ಆ ದನಿಯನ್ನೂ ಒಟ್ಟಿಗೆ ಒಮ್ಮೆ ಟಿವಿಯಲ್ಲಿ ನೋಡಬೇಕು. ತಾಯಿಗೆ ಬೇರೆ ಆಸೆ: ಅದನ್ನು ನೋಡಿಯಾದರೂ ಒಂದು ಒಳ್ಳೆಯ ಮನೆತನ ಬಂದೀತು. ಹುಬ್ಬಳ್ಳಿಯ ರೆಕಾರ್ಡಿಂಗ್ ಕೋಣೆಗೆ ತಾಯಿ ಮಗಳು ಇಬ್ಬರೂ ಬಂದರು. ಎರಡೇ ಸಲಕ್ಕೆ ಹಾಡು ಮುಗಿಯಿತು. ತಬಲಾ ನುಡಿಸಿದವರು ಕಣ್ಣೊರೆಸಿಕೊಂಡರು.

ಚಿತ್ರ ತೆಗೆಯುವ ಮೊದಲು ಹುಡುಗಿಯನ್ನು ಒಮ್ಮೆ ನೋಡಬೇಕು ಎಂದು ಸಾಹುಕಾರರು ಹೇಳಿದರು. ಒಂದು ರವಿವಾರ ಅವರನ್ನು ನನ್ನ ಗಾಡಿಯ ಮೇಲೆ ಹಿಂದೆ ಕೂರಿಸಿಕೊಂಡು, ಕ್ಯಾಮೆರಾದ ಚೀಲ ಕೊರಳಿಗೆ ಹಾಕಿಕೊಂಡು ಮುಗದಕ್ಕೆ ಹೋದೆ. ಅಂಗಳ ಸಾರಿಸಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಉಪ್ಪಿಟ್ಟು ಬಂತು, ಶಿರಾ ಬಂತು. "ಇನ್ನೊಂದೀಟು ಹಾಕ್ಸಿಕೋರಿ," ಎಂದು ತಾಯಿ ಬಡಿಸಿದಳು. ಸಾಹುಕಾರರು ಎರಡು ಸಲ ಹಾಕಿಸಿಕೊಂಡರು, ನಾನೂ ಹಾಕಿಸಿಕೊಂಡೆ. ಆಮೇಲೆ ನಾನು ಕ್ಯಾಮೆರಾ ತೆಗೆದು ಅಂಗಳಕ್ಕೆ ಇಳಿದು, ತುಳಸಿಕಟ್ಟೆಯಿಂದ ಬಾಗಿಲ ತನಕ ನಡೆದು ಬಾ ತಂಗಿ ಎಂದೆ. ನಡೆದು ಬಂದಳು. ಈ ಕಡೆ ನೋಡು, ಆ ಕಡೆ ನೋಡು, ಈಗ ಹಾಡು ಎಂದೆ. ಹಾಡನ್ನು ಮೊದಲಿಂದ ಕೊನೆಯ ತನಕ ಹಾಡಿದಳು, ಟೇಪು ಓಡುತ್ತಿತ್ತು. ಹೊರಡುವಾಗ ತಾಯಿ ಬಾಗಿಲಿಗೆ ಬಂದು, "ಹೆಂಗಾತ್ರೀ?" ಎಂದು ಕೇಳಿದಳು.

"ತಿಳಸ್ತೇವ್ರಿ, ಅವ್ವಾರ," ಎಂದು ನಾನು ಚಪ್ಪಲಿ ಮೆಟ್ಟಿದೆ.

ಹುಡುಗಿ ನನ್ನ ಮುಖ ನೋಡಿದಳು. ನಾನು ಗಾಡಿ ಚಾಲೂ ಮಾಡುವ ಗಡಿಬಿಡಿಯಲ್ಲಿದ್ದೆ. ನನ್ನ ಬಾಯಿಂದ ಏನು ಬಂತು ಎಂಬುದು ಹೊಳೆದದ್ದು ಧಾರವಾಡ ದಾಟಿದ ಮೇಲೆ. ಗಾಡಿ ತಿರುಗಿಸಬಹುದಿತ್ತು, ತಿರುಗಿಸಲಿಲ್ಲ.

ಇಲ್ಲಿ ಒಂದು ಮಾತು ಸರಿಪಡಿಸಬೇಕು. ಈ ಕಥೆಯನ್ನು ನಾನು ಒಂದಿಬ್ಬರಿಗೆ ಹೇಳಿದ್ದುಂಟು. ಹೇಳುವಾಗೆಲ್ಲ, ಹುಡುಗಿ ಬೇಡ ಅಂದವರು ಸಾಹುಕಾರರು, ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದೇ ನನ್ನ ತಪ್ಪು ಎಂದು ಹೇಳಿದ್ದೇನೆ. ಅದು ಸುಳ್ಳು. ಅವರು ಇಡೀ ದಾರಿ ಶಿರಾದ ಬಗ್ಗೆ ಮಾತಾಡುತ್ತಿದ್ದರು. ನವಲೂರಿನ ಹತ್ತಿರ ಚಹಕ್ಕೆ ನಿಂತಾಗ ಮೊದಲು ಬಾಯಿ ಬಿಟ್ಟವನು ನಾನು.

"ದನಿ ಬಂಗಾರರೀ ಸಾವ್ಕಾರ್ರ. ಆದ್ರ ಹೊದಿಕಿ ಮ್ಯಾಲ ಆ ಮಾರಿ ಕುಂದರೂದಿಲ್ಲ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಹೌದೇನು? ಹಾಡು ಅಕೀದ ಐತಲ್ಲೋ. ನೋಡಪಾ, ನಿಂಗ ತಿಳೀತೈತಿ," ಎಂದರು.

ನನಗೆ ಯಾಕೆ ಹಾಗೆ ಅನಿಸಿತು? ನನ್ನ ಬಣ್ಣವೇನು ಹಾಲಿನ ಕೆನೆಯದಲ್ಲ. ಆದರೆ ಮದುವೆಗಳಲ್ಲಿ ವರ್ಷಗಟ್ಟಲೆ ಬೆಳ್ಳಗಿನವರ ಮೇಲೆ ಲೈಟು ಬಿಟ್ಟು, ಕಪ್ಪಗಿನವರನ್ನು ಹಿಂದಿನ ಸಾಲಿಗೆ ಸರಿಸಿ ಕೈಗೆ ರೂಢಿಯಾಗಿತ್ತು. ಆಗಷ್ಟೇ ನಾನೂ ಮದುವೆಗೆ ಹೆಣ್ಣು ನೋಡುತ್ತಿದ್ದೆ. ಏಳು ಮನೆಯ ಉಪ್ಪಿಟ್ಟು ತಿಂದಿದ್ದೆ. ನಾಲ್ಕು ಮನೆಯ ಹುಡುಗಿಯರನ್ನು ನಾನು ಬೇಡ ಅಂದದ್ದು ಯಾಕೆ ಎಂದು ನನಗೂ ಗೊತ್ತು, ನಮ್ಮ ಅವ್ವನಿಗೂ ಗೊತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನಾನು ಪುರಾಣ ಹೇಳುವ ಮೊದಲೇ ಬದನೆಕಾಯಿ ತಿಂದು ಕೈ ತೊಳೆದಿದ್ದೆ.

ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾದಲ್ಲಿ ಕುಣಿಯುತ್ತಿದ್ದ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದೆ. ಬೆಳ್ಳಗೆ, ದುಂಡು ಮುಖ, ಒಳ್ಳೆಯ ಸ್ವಭಾವದವಳು, ಅವಳದೇನೂ ತಪ್ಪಿಲ್ಲ. ಚಿತ್ರವನ್ನು ಮುಗದದಲ್ಲೇ ತೆಗೆಯುವುದೆಂದಾಯಿತು, ಹಳೆಯ ಕಟ್ಟೆ ಇದ್ದ ಒಂದು ಮನೆ ಸಿಕ್ಕಿತ್ತು. ಹಾಡಿದವಳಿಗೆ ನಾನು ವಿಷಯ ತಿಳಿಸಲಿಲ್ಲ. ತಿಳಿಸಲು ಧೈರ್ಯ ಸಾಲಲಿಲ್ಲ. ಆದರೆ ಅವಳು ಬೇಕಾಗಿತ್ತು. ಆರ್ಕೆಸ್ಟ್ರಾದ ಹುಡುಗಿಯ ಮನೆಮಾತು ಬೇರೆ, ಮುಗದದ ಮಾತಿಗೆ ಅವಳ ತುಟಿ ಹೊಂದುತ್ತಿರಲಿಲ್ಲ. ತುಟಿ ತಪ್ಪಿದರೆ ಹಾಡು ಕೆಟ್ಟಿತು. ಇಂಥ ಹೊತ್ತಿಗೆ ನಮ್ಮಲ್ಲಿ ಒಂದು ಉಪಾಯವಿತ್ತು: ಹಾಡು ಗೊತ್ತಿದ್ದವರನ್ನು ಕ್ಯಾಮೆರಾದ ಕೆಳಗೆ ಕೂರಿಸುವುದು. ಟೇಪ್ ರೆಕಾರ್ಡರಿನಲ್ಲಿ ಹಾಡು ಬರುತ್ತಿದ್ದಂತೆ ಅವರು ದನಿ ಇಲ್ಲದೆ ಬಾಯಿ ಆಡಿಸಬೇಕು, ಎದುರಿಗಿದ್ದವರು ಅದನ್ನು ನೋಡಿ ತಾವೂ ಆಡಿಸಬೇಕು. ಊರ ಅಂಗಡಿಯ ಫೋನಿಗೆ ಹೇಳಿ ಕಳಿಸಿದೆ: ಶೂಟಿಂಗ್ ಐತಿ, ಬೆಳಿಗ್ಗೆ ಬಾ ಅನ್ರಿ.

ಬಂದಳು. ಇಳಕಲ್ ಸೀರೆ ಉಟ್ಟು, ಅಬ್ಬಲಿಗೆ ಹೂ ಮುಡಿದು, ಮುಖಕ್ಕೆ ಪೌಡರು ಹಚ್ಚಿಕೊಂಡು ಬಂದಿದ್ದಳು. ಕುಂಕುಮ ಬಹಳ ನೀಟಾಗಿ ಇಟ್ಟುಕೊಂಡಿದ್ದಳು. ಹಿಂದೆ ತಾಯಿ, ತಾಯಿಯ ಹಿಂದೆ ಓಣಿಯ ಹತ್ತು ಹೆಂಗಸರು. ಕಟ್ಟೆಯ ಮೇಲೆ ಆಗಲೇ ಇನ್ನೊಬ್ಬಳು ತಾಟು ಹಿಡಿದು ಕೂತಿದ್ದಳು, ಮುಖಕ್ಕೆ ಬಣ್ಣ ಬಳಿಯುತ್ತಿದ್ದರು. ಬೆಳ್ಳಗಿನ ಹುಡುಗಿಯನ್ನು ತುಸು ಕಪ್ಪು ಮಾಡುವ ಬಣ್ಣ.

"ತಂಗಿ, ನೀ ಇಲ್ಲಿ ಕುಂದರು," ಎಂದು ಕ್ಯಾಮೆರಾದ ಕಾಲಿನ ಹತ್ತಿರ ಗೋಣಿಚೀಲ ಹಾಸಿದೆ. "ನೀ ಬಾಯಿ ಆಡಿಸು, ಅಕಿ ನೋಡಿ ಮಾಡ್ತಾಳ."

ಅವಳು ಸೀರೆಯ ನಿರಿಗೆ ಒತ್ತಿಕೊಂಡು ಕೂತಳು. ಸಿಟ್ಟು ಮಾಡಿದ್ದರೆ, ಅತ್ತಿದ್ದರೆ, ಎದ್ದು ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಗುಂಪಿನಲ್ಲಿದ್ದ ಒಬ್ಬ ಮುದುಕಿ ಮಾತ್ರ ಸುಮ್ಮನಿರಲಿಲ್ಲ.

"ಅಲ್ಲೋ ತಮ್ಮಾ, ಹಾಡಾಕಿ ಇಲ್ಲೇ ಕುಂತಾಳಲ್ಲೋ! ಇಕಿ ಬಾಯಿ ಅಕಿಗ್ಯಾಕ ಹಚ್ಚಾಕತ್ತಿ?"

ಹೆಂಗಸರು ನಕ್ಕರು. ನಾನೂ ನಕ್ಕೆ. "ಅದು ನಿನಗ ತಿಳಿಯೂದಿಲ್ಲ ಆಯಿ, ಟೆಕ್ನಿಕ್ ಐತಿ," ಎಂದೆ. ಹಾಡಿದವಳ ತಾಯಿ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಲು ನಾನು ಕ್ಯಾಮೆರಾದ ಕಿಂಡಿಗೆ ಕಣ್ಣು ಹಚ್ಚಿದೆ.

ಕಿಂಡಿಯಲ್ಲಿ ನೋಡಿದರೆ ಇನ್ನೊಂದು ತೊಡಕು. ಆರ್ಕೆಸ್ಟ್ರಾದ ಹುಡುಗಿ ಉಟ್ಟ ಮಿಂಚಿನ ಸೀರೆ ಆ ಕಟ್ಟೆಗೆ ಹೊಂದುತ್ತಿರಲಿಲ್ಲ. ಕಿಂಡಿಯಿಂದ ಕಣ್ಣು ತೆಗೆದೆ. ನನ್ನ ಕಾಲ ಬುಡದಲ್ಲೇ ಬೇಕಾದ ಸೀರೆ ಇತ್ತು. ಕೇಳಬಾರದಿತ್ತು. ಕೇಳಿದೆ. ಕಲೆ ಅನ್ನುವುದು ತಲೆಗೇರಿದರೆ ಮನುಷ್ಯನಿಗೆ ಮಾನ ಮರ್ಯಾದೆ ಕಾಣುವುದಿಲ್ಲ, ಅದೂ ಒಂದು ನಶೆಯೇ. ಅವಳು ಎದ್ದು ಆರ್ಕೆಸ್ಟ್ರಾದ ಹುಡುಗಿಯ ಜೊತೆ ಆ ಮನೆಯ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಮೈಮೇಲೆ ಮಿಂಚಿನ ಸೀರೆ ಇತ್ತು, ತಲೆಯಲ್ಲಿ ಹೂವಿರಲಿಲ್ಲ. ಹೂವನ್ನು ನಾನು ಕೇಳಿರಲಿಲ್ಲ, ಅದನ್ನು ಅವಳಾಗಿಯೇ ತೆಗೆದು ಆ ಹುಡುಗಿಯ ಮುಡಿಗೆ ಸಿಗಿಸಿದ್ದಳು. ಮತ್ತೆ ಗೋಣಿಚೀಲದ ಮೇಲೆ ಕೂತು ಸಂಜೆಯ ತನಕ ಬಾಯಿ ಆಡಿಸಿದಳು. ತುಟಿ ಒಂದು ಸಲವೂ ತಪ್ಪಲಿಲ್ಲ.

ಸಿಡಿ ಬಂತು. ಕುಣಿತದ ಐದು ಹಾಡು ಕುಣಿದು ಹೋದವು, ಆರನೆಯದು ನಿಂತಿತು. ಲೋಕಲ್ ಕೇಬಲಿನಲ್ಲಿ ಮಂದಿ ಫೋನ್ ಮಾಡಿ ಮಾಡಿ ಹಾಕಿಸಿಕೊಂಡರು. ಹೊದಿಕೆಯ ಮೇಲೆ ಆರ್ಕೆಸ್ಟ್ರಾದ ಹುಡುಗಿ ತಾಟು ಹಿಡಿದ ಚಿತ್ರ, ಅದರ ಕೆಳಗೆ ಗಾಯನ ಎಂದು ಬರೆದು ಅವಳದೇ ಹೆಸರು. ಪ್ರೆಸ್ಸಿನವರು ಹಾಗೆ ಜೋಡಿಸಿದ್ದರು. ಮೊದಲ ಪ್ರತಿ ತಿದ್ದಲು ನನ್ನ ಕೈಗೇ ಬಂದಿತ್ತು. ನೋಡಿದೆ. ಹಾಡುವವಳು ಬೇರೆ ಎಂದು ಮಂದಿಗೆ ಗೊತ್ತಾದರೆ ಚಿತ್ರದ ಮೇಲಿನ ನಂಬಿಕೆ ಹೋಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಸಹಿ ಹಾಕಿ ಕಳಿಸಿದೆ.

ಧಾರವಾಡದ ಒಂದು ಮಹಿಳಾ ಮಂಡಳದವರು ನನ್ನನ್ನು ಕರೆದು ಶಾಲು ಹೊದಿಸಿದರು. ಹಾಡನ್ನು ದೊಡ್ಡ ಟಿವಿಯಲ್ಲಿ ಹಾಕಿ ತೋರಿಸಿದ ಮೇಲೆ ನನ್ನ ಭಾಷಣ. ಆ ಭಾಷಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಚಪ್ಪಲಿಗಳನ್ನು ಮಾತ್ರ ಯಾಕೆ ತೋರಿಸಿದೆ, ತಾಟಿನ ಅರ್ಥವೇನು, ಬಣ್ಣ ನೋಡಿ ಹೆಣ್ಣನ್ನು ತೂಗುವ ಸಮಾಜಕ್ಕೆ ಒಂದು ಹಾಡು ಹೇಗೆ ಕನ್ನಡಿ ಹಿಡಿಯಬಲ್ಲದು ಎಂದು ಅರ್ಧ ತಾಸು ಮಾತಾಡಿದೆ. ಚಪ್ಪಾಳೆ ತಟ್ಟಿದರು. ಕಡೆಗೆ ಮುಂದಿನ ಸಾಲಿನ ಒಬ್ಬ ಹಿರಿಯ ಹೆಂಗಸು, ಕನ್ನಡಕದವರು, ಕೂತಲ್ಲಿಂದಲೇ ಕೇಳಿದರು.

"ಎಲ್ಲಾ ಛಲೋ ಅದರೀ. ಆದ್ರ ಆ ಹುಡುಗಿ ಇಷ್ಟು ಚಂದ ಇದ್ದಾಳ, ಅಕಿನ್ನ ಯಾರು ಬ್ಯಾಡ ಅಂತಾರರೀ? ನಮ್ಮ ಮನಿಗೇ ಮಾಡ್ಕೋತೇವಲ್ಲ!"

ಸಭೆಯೆಲ್ಲ ನಕ್ಕಿತು. ನಾನು ಏನೋ ಒಂದು ಜಾಣ ಉತ್ತರ ಕೊಟ್ಟೆ, ಏನೆಂದು ನೆನಪಿಲ್ಲ. ನನ್ನ ವಿಡಿಯೋ ಏನು ಹೇಳುತ್ತದೆ ಎಂದು ಆ ತಾಯಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಕಪ್ಪು ಹುಡುಗಿಯ ದುಃಖ ಕೇಳಬೇಕಾದರೂ ನಮಗೆ ಬೆಳ್ಳಗಿನ ಮುಖವೇ ಬೇಕು ಎಂದು ನಾಲ್ಕು ನಿಮಿಷ ನಾನು ಊರಿಗೆಲ್ಲ ಸಾರಿದ್ದೆ. ಶಾಲು ಮಡಚಿ ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಅದಾಗಿ ನಾಲ್ಕೈದು ತಿಂಗಳ ಮೇಲೆ ಒಂದು ಮಧ್ಯಾಹ್ನ ಹಾಡಿದವಳು ನನ್ನ ಸ್ಟುಡಿಯೋಕ್ಕೆ ಬಂದಳು. ಒಬ್ಬಳೇ ಬಂದಿದ್ದಳು. ಕೂಡು ಎಂದೆ, ಕೂತಳು. ಚಹ ತರಿಸುತ್ತೇನೆ ಎಂದರೆ ಬೇಡ ಎಂದಳು. ನಾನು ಅವ್ವಾರು ಅರಾಮ ಅದಾರಿಲ್ಲೋ, ಮಳೆ ಹೆಂಗೈತಿ ಎಂದೆಲ್ಲ ಕೇಳಿ ಮುಗಿಸಿದೆ. ಆಮೇಲೆ ಅವಳು ಬಂದ ಕೆಲಸ ಹೇಳಿದಳು.

"ಮೊನ್ನೆ ಮತ್ತೊಂದು ಕಡೆಯವ್ರು ಬಂದಿದ್ರೀ ಅಣ್ಣಾರ. ಹಾಡಂದ್ರು, ನನ್ನ ಹಾಡ ಹಾಡಿದೆ. ಗಂಡಿನ ಅಕ್ಕ ನಕ್ಕು, ಇದು ಸಿಡಿಯಾಗಿಂದು, ಆ ಹುಡುಗಿ ಹಾಡಿದಂಗ ಬರೂದಿಲ್ಲ ಬಿಡು ಅಂದ್ಲು. ಅವ್ವ, ಇದು ಇಕೀದ ಹಾಡರೀ ಅಂದ್ಲು. ಯಾರೂ ನಂಬಲಿಲ್ಲ. ಸುಳ್ಳು ಹೇಳೂ ಮಂದಿ ಅಂತ ಊರಾಗ ಹೇಳಿ ಹೋದ್ರು." ಮತ್ತೆ ಅಂದಳು, "ಸಂಬಂಧ ಹೋದ್ರ ಹೋಗ್ಲಿರಿ. ಅವ್ವ ಮನಸಿಗೆ ಭಾಳ ಹಚ್ಕೊಂಡಾಳ. ನಮ್ಮ ಅಂಗಳದಾಗ ನಾ ಹಾಡಿದ್ದು ತಗದಿದ್ರೆಲ್ಲ, ಆ ಟೇಪು ಒಂದೀಟು ಕೊಡ್ರಿ. ಊರವರಿಗೆ ತೋರಿಸಿ ತಂದು ಕೊಡ್ತೇನಿ."

ಟೇಪುಗಳು ತುಟ್ಟಿ. ಒಂದೊಂದರ ಮೇಲೆ ನಾಲ್ಕೈದು ಮದುವೆ ತೆಗೆಯುವುದು ನಮ್ಮ ರೂಢಿ. ಜೋಡಿಸಿ ಮುಗಿದೊಡನೆ ಹಳೆಯದರ ಮೇಲೆ ಹೊಸದು. ಆದರೂ ಕಪಾಟು ತೆಗೆದು ಹುಡುಕುವ ನಾಟಕ ಮಾಡಿದೆ. ಅಂಗಳದ ಟೇಪಿನ ಮೇಲೆ ಮುಂದಿನ ವಾರವೇ ಕುಂದಗೋಳದ ಒಂದು ಮದುವೆ ತೆಗೆದಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಡೆಗೆ ಹೇಳಿದೆ.

"ಅದರ ಮ್ಯಾಲ ಬ್ಯಾರೆ ಲಗ್ನ ತಗದೇವಿ, ತಂಗಿ. ಅದು ಈಗಿಲ್ಲ."

"ಪೂರಾ ಹೋತೇನ್ರೀ?"

"ಪೂರಾ ಹೋತು. ಬೇಕಾದ್ರ ಹಾಡಿದಾಕಿ ನೀನ ಅಂತ ಒಂದು ಚೀಟಿ ಬರದು ಕೊಡ್ತೇನಿ."

"ಚೀಟಿ ಯಾರು ಓದ್ತಾರ್ರಿ," ಎಂದಳು. ಹೇಳಿದ್ದು ಸಿಟ್ಟಿನಿಂದಲ್ಲ.

ಕ್ಯಾಮೆರಾ ಅಲ್ಲೇ ಮೇಜಿನ ಮೇಲಿತ್ತು. ಕೂಡಿಸಿ, ಹಾಡು ತಂಗಿ ಎಂದು ತೆಗೆದಿದ್ದರೆ ಹತ್ತು ನಿಮಿಷದ ಕೆಲಸ. ಹೊಳೆಯಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಹೊಳೆಯಿತು. ಅವಳು ಅದನ್ನು ಊರಲ್ಲಿ ತೋರಿಸುತ್ತಾಳೆ, ಊರಿನಿಂದ ಮಾತು ಹುಬ್ಬಳ್ಳಿಗೆ ಬರುತ್ತದೆ, ಹೊದಿಕೆಯ ಮೇಲಿನ ಹೆಸರು ಸುಳ್ಳೆಂದು ಗೊತ್ತಾಗುತ್ತದೆ, ನನಗೆ ಶಾಲು ಹೊದಿಸಿದವರೂ ಕೇಳುತ್ತಾರೆ. ಇಷ್ಟೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು. ಮೇಜಿನ ಮೇಲಿನ ಕ್ಯಾಮೆರಾಕ್ಕೆ ಧೂಳು ಕೂರದಂತೆ ಬಟ್ಟೆ ಮುಚ್ಚಿದೆ.

ಅವಳು ಎದ್ದಳು. ಬಾಗಿಲ ತನಕ ಹೋಗಿ ನಿಂತಳು.

"ಒಂದು ಕೇಳ್ತೇನಿ, ಖರೇ ಹೇಳ್ರಿ. ಅದರಾಗ ನಾ ಹೆಂಗ ಕಾಣತಿದ್ದೆ, ಅಣ್ಣಾರ?"

"ಭಾಳ ಛಲೋ ಕಾಣತಿದ್ದಿ, ತಂಗಿ."

"ಖರೇನ?"

"ನಿನ್ನಾಣಿ."

ಅವಳ ಮುಖ ಅರಳಿತು. ಕ್ಯಾಮೆರಾದ ಕೆಳಗೆ ಕೂತ ದಿನದಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಸೆರಗು ಸರಿಮಾಡಿಕೊಂಡು, "ಅವ್ವಗ ಹೇಳ್ತೇನಿ," ಎಂದು ಹೊರಟು ಹೋದಳು.

ಆ ಟೇಪನ್ನು ನಾನು ಒಮ್ಮೆಯೂ ಹಾಕಿ ನೋಡಿರಲಿಲ್ಲ.